ಹತ್ತನೆಯ ತರಗತಿಯ ಬಳಿಕ ಊರಿಗೋ, ನಾಗಪುರದಲ್ಲೋ?

ವೈದ್ಯಕೀಯ ಸೀಟಿನ ದಾರಿ ಕವಲೊಡೆಯುವುದು ಇಲ್ಲಿಯೇ

ನಾಗಪುರ: ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುತ್ತಿದ್ದಂತೆ ನಗರದ ಅನೇಕ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ. ಮಗಳಿಗೆ ಡಾಕ್ಟರಾಗುವ ಆಸೆ. ಮಂಗಳೂರು, ಮೂಡುಬಿದಿರೆ, ಧಾರವಾಡಗಳಲ್ಲಿ ಹೆಸರಾಂತ ಪಿಯು ಕಾಲೇಜುಗಳಿವೆ, ಊರಿನಲ್ಲಿ ಅಜ್ಜ-ಅಜ್ಜಿ ಇದ್ದಾರೆ. 'ಎರಡು ವರ್ಷ ಊರಿಗೆ ಕಳುಹಿಸೋಣ, ಶಿಸ್ತಿನಿಂದ ಓದುತ್ತಾಳೆ, ಕನ್ನಡವೂ ಬರುತ್ತದೆ' ಎಂಬುದು ಹೆತ್ತವರ ಲೆಕ್ಕಾಚಾರ. ಅಂಕ, ಹಾಸ್ಟೆಲ್, ಶುಲ್ಕ ಎಲ್ಲದರ ಬಗ್ಗೆಯೂ ಮಾತುಕತೆ ನಡೆಯುತ್ತದೆ. ಆದರೆ ಈ ನಿರ್ಧಾರದಿಂದ ಮಗು ಯಾವ ರಾಜ್ಯದ ವಿದ್ಯಾರ್ಥಿ ಎನಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಎರಡು ವರ್ಷಗಳ ನಂತರ ಸೀಟು ಹಂಚಿಕೆಯ ಹೊತ್ತಿಗೆ ಎಲ್ಲಕ್ಕಿಂತ ಮೊದಲು ಎದುರಾಗುವುದು ಅದೇ ಪ್ರಶ್ನೆ.

ಮಹಾರಾಷ್ಟ್ರದ ನಿಯಮ

ಸರಕಾರಿ ವೈದ್ಯಕೀಯ ಕಾಲೇಜುಗಳ ಎಂಬಿಬಿಎಸ್ ಸೀಟುಗಳಲ್ಲಿ ಶೇ. 15ರಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಉಳಿದ ಶೇ. 85ರಷ್ಟು ಆಯಾ ರಾಜ್ಯದವರಿಗೆ. ಮಹಾರಾಷ್ಟ್ರದಲ್ಲಿ ಈ ಶೇ. 85ರ ಪಾಲಿಗೆ ಅರ್ಹತೆ ಪಡೆಯಲು ವಿದ್ಯಾರ್ಥಿಯು ಹತ್ತನೆಯ ಹಾಗೂ ಹನ್ನೆರಡನೆಯ ತರಗತಿ ಎರಡನ್ನೂ ಮಹಾರಾಷ್ಟ್ರದೊಳಗಿನ ಸಂಸ್ಥೆಯಿಂದ ಪಾಸು ಮಾಡಿರಬೇಕು, ಡೊಮಿಸಾಯಿಲ್ ಪ್ರಮಾಣಪತ್ರವನ್ನೂ ಹೊಂದಿರಬೇಕು. ರಾಜ್ಯ ಮಂಡಳಿಯೋ, ಸಿಬಿಎಸ್‌ಇಯೋ, ಐಸಿಎಸ್‌ಇಯೋ ಎಂಬುದು ಇಲ್ಲಿ ಮುಖ್ಯವಲ್ಲ. ಶಾಲೆ ಯಾವ ರಾಜ್ಯದಲ್ಲಿದೆ ಎಂಬುದೇ ಮುಖ್ಯ.

ವಾಯುಪಡೆ, ರೈಲ್ವೆ, ಅಂಬಾಝರಿಯ ಆರ್ಡ್‌ನೆನ್ಸ್ ಫ್ಯಾಕ್ಟರಿ, ರಿಸರ್ವ್ ಬ್ಯಾಂಕ್, ನೀರಿ ಸಂಶೋಧನಾಲಯ ಮುಂತಾದ ಕಡೆ ಕೇಂದ್ರದ ನೌಕರಿಯಲ್ಲಿರುವವರಿಗೆ ವರ್ಗಾವಣೆಯ ಕಾರಣದಿಂದ ಕೆಲವು ವಿನಾಯಿತಿಗಳುಂಟು. ಅಂಥವರು ವರ್ಗಾವಣೆಯ ಆದೇಶ ಮತ್ತು ಹಾಜರಾದ ದಿನದ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೋಟೆಲ್, ವ್ಯಾಪಾರ, ಖಾಸಗಿ ನೌಕರಿಯವರಿಗೆ ಈ ವಿನಾಯಿತಿ ಅನ್ವಯಿಸದು.

ಅಂದರೆ ನಾಗಪುರದಲ್ಲಿ ಹತ್ತನೆಯ ತರಗತಿ ಮುಗಿಸಿ ಊರಿಗೆ ಹೋಗಿ ಪಿಯುಸಿ ಓದಿದ ಸಾಮಾನ್ಯ ಕುಟುಂಬದ ಮಗು ಹುಟ್ಟಿ ಬೆಳೆದ ರಾಜ್ಯದ ಶೇ. 85ರ ಪಾಲಿನಿಂದ ಹೊರಗುಳಿಯುತ್ತದೆ.

ಕರ್ನಾಟಕದ ಏಳು ವರ್ಷ

ಹಾಗಾದರೆ ಕರ್ನಾಟಕದಲ್ಲಾದರೂ ಸ್ಥಾನ ಸಿಗುವುದೇ? ಅಲ್ಲಿನ ಪ್ರಮುಖ ನಿಯಮದಂತೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯನ್ನು ಅಲ್ಲಿಯೇ ಪಾಸು ಮಾಡಿರಬೇಕು. ಹುಬ್ಬಳ್ಳಿಯಲ್ಲಿ ಐದನೆಯ ತರಗತಿಯವರೆಗೆ ಓದಿ, ತಂದೆಯ ಜೊತೆ ನಾಗಪುರಕ್ಕೆ ಬಂದು, ಮತ್ತೆ ಪಿಯುಸಿಗೆ ಮರಳಿದ ಹುಡುಗನಿಗೆ ಐದು ಮತ್ತು ಎರಡು ಸೇರಿ ಏಳು ವರ್ಷ ತುಂಬುತ್ತದೆ. ನಾಲ್ಕನೆಯ ತರಗತಿ ಮುಗಿಸಿ ಬಂದವನಿಗೆ ಆರೇ ವರ್ಷ. ನಾಗಪುರದಲ್ಲಿಯೇ ಶಾಲೆಗೆ ಸೇರಿದವನಿಗೆ ಎರಡೇ ವರ್ಷ. ಈ ನಿಯಮದಡಿ ಕೊನೆಯ ಇಬ್ಬರಿಗೂ ಅರ್ಹತೆ ಇಲ್ಲ.

ಇಲ್ಲಿ ಅನೇಕರಿಗೆ ತಿಳಿಯದ ಇನ್ನೊಂದು ಬಾಗಿಲಿದೆ. ವಿದ್ಯಾರ್ಥಿಯು ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ವ್ಯಾಸಂಗ ಮಾಡಿದ್ದರೆ ಪ್ರತ್ಯೇಕ ನಿಯಮದಡಿ ಅರ್ಹತೆ ಕೋರಬಹುದು. ಊರಿನಲ್ಲಿ ಹೈಸ್ಕೂಲು ಮುಗಿಸಿ ನಾಗಪುರಕ್ಕೆ ಬಂದ ತಂದೆ-ತಾಯಿಯರಿಗೆ ಇದು ಬಹು ಉಪಯುಕ್ತ. ಆದರೆ ಬಾಯಿಮಾತು ಸಾಲದು, ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು. ಮೂವತ್ತು ವರ್ಷಗಳ ಹಿಂದಿನ ದಾಖಲೆ ಪುಸ್ತಕ ಸಿಗುವುದೋ, ಶಾಲೆಯೇ ಮುಚ್ಚಿಹೋಗಿದೆಯೋ ಎಂಬುದನ್ನು ಮಗುವನ್ನು ಕಳುಹಿಸುವ ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ಹೊರನಾಡು ಹಾಗೂ ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಗಡಿನಾಡು ಎಂದರೆ ಅಕ್ಕಲಕೋಟೆ, ಜತ್ತದಂತಹ ನಿಗದಿತ ಗಡಿ ತಾಲೂಕುಗಳು. ನಾಗಪುರ ಆ ಪಟ್ಟಿಯಲ್ಲಿಲ್ಲ. ಯಾವ ನಿಯಮದಡಿ ಅರ್ಜಿ ಸಲ್ಲಿಸುವುದಿದ್ದರೂ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಸ್ವತಃ ಓದಿಯೇ ಮುಂದುವರಿಯಬೇಕು. ಪರಿಚಿತರ ಮಗನಿಗೆ ಐದು ವರ್ಷಗಳ ಹಿಂದೆ ಸಿಕ್ಕಿತ್ತು ಎಂಬ ಮಾತನ್ನು ನಂಬಿ ಹೆಜ್ಜೆಯಿಡುವಂತಿಲ್ಲ.

ಇತ್ತ ಮಹಾರಾಷ್ಟ್ರವೂ ಇಲ್ಲ, ಅತ್ತ ಕರ್ನಾಟಕವೂ ಇಲ್ಲ ಎಂಬಂತಾದ ವಿದ್ಯಾರ್ಥಿಗೆ ಉಳಿಯುವುದು ಅಖಿಲ ಭಾರತ ಕೋಟಾದ ಶೇ. 15, ಏಮ್ಸ್‌ನಂತಹ ಕೇಂದ್ರ ಸಂಸ್ಥೆಗಳು, ಡೀಮ್ಡ್ ವಿಶ್ವವಿದ್ಯಾಲಯಗಳು ಹಾಗೂ ಎಲ್ಲ ರಾಜ್ಯದವರಿಗೂ ತೆರೆದಿರುವ ಕೆಲವು ಖಾಸಗಿ ಸೀಟುಗಳು. ಮೊದಲೆರಡಕ್ಕೆ ಅತ್ಯುನ್ನತ ರ‍್ಯಾಂಕ್ ಬೇಕು, ಉಳಿದವುಗಳಿಗೆ ಭಾರಿ ಹಣ ಬೇಕು. ಮಧ್ಯಮ ವರ್ಗದ ಕುಟುಂಬಕ್ಕೆ ಶೇ. 85ರ ಪಾಲು ಎಷ್ಟು ಬೆಲೆಯುಳ್ಳದ್ದು ಎಂಬುದು ಇದರಿಂದ ಸ್ಪಷ್ಟ.

ಮನೆಯ ಸಮೀಪದಲ್ಲೇ ಕಾಲೇಜುಗಳು

ನಾಗಪುರದ ಸುತ್ತಮುತ್ತ ವೈದ್ಯಕೀಯ ಶಿಕ್ಷಣಕ್ಕೆ ಕೊರತೆಯಿಲ್ಲ. 1947ರಲ್ಲಿ ಆರಂಭಗೊಂಡ ಸರಕಾರಿ ವೈದ್ಯಕೀಯ ಕಾಲೇಜು, 'ಮೇಯೋ' ಎಂದೇ ಜನ ಕರೆಯುವ ಇಂದಿರಾ ಗಾಂಧಿ ಸರಕಾರಿ ವೈದ್ಯಕೀಯ ಕಾಲೇಜು ನಗರದಲ್ಲಿಯೇ ಇವೆ. 2018ರಲ್ಲಿ 50 ವಿದ್ಯಾರ್ಥಿಗಳೊಂದಿಗೆ ಆರಂಭವಾದ ಏಮ್ಸ್ ಈಗ ಮಿಹಾನ್‌ನ ಸ್ವಂತ ಆವರಣದಲ್ಲಿದೆ. 1969ರಲ್ಲಿ ಸ್ಥಾಪನೆಯಾದ ಸೇವಾಗ್ರಾಮದ ಮಹಾತ್ಮಾ ಗಾಂಧಿ ವೈದ್ಯಕೀಯ ಸಂಸ್ಥೆ ನೆರೆಯ ವರ್ಧಾ ಜಿಲ್ಲೆಯಲ್ಲಿದೆ. ಹಿಂದೆ ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಗಾಂಧಿ ವಿಚಾರಧಾರೆಯ ಪ್ರತ್ಯೇಕ ಪತ್ರಿಕೆ ಇರುತ್ತಿತ್ತು. ಈಗ ಅಲ್ಲಿಗೂ ನೀಟ್ ಅಂಕವೇ ಆಧಾರ.

ಹಿಂದೆ ರಾಜ್ಯದ ಸೀಟುಗಳಲ್ಲಿ ಶೇ. 70ರಷ್ಟು ಆಯಾ ವಿಭಾಗದವರಿಗೆ, ಶೇ. 30ರಷ್ಟು ಇಡೀ ರಾಜ್ಯದವರಿಗೆ ಎಂಬ ಪದ್ಧತಿಯಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅದು ರದ್ದಾಯಿತು. ಆದ್ದರಿಂದ ವಿದರ್ಭದ ವಿದ್ಯಾರ್ಥಿಗೆ ಇಂದು ಪುಣೆ, ಮುಂಬಯಿಯ ಸೀಟಿನಲ್ಲೂ ಸಮಾನ ಅವಕಾಶ. ಹಾಗೆಯೇ ಅಲ್ಲಿನವರೂ ನಾಗಪುರದ ಸೀಟಿಗೆ ಸ್ಪರ್ಧಿಗಳು.

ವಿಷಯದ ಆಯ್ಕೆ, ಓದಿನ ಸಿದ್ಧತೆ

ಹನ್ನೊಂದನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇರಲೇಬೇಕು. ಇಲ್ಲಿನ ಜೂನಿಯರ್ ಕಾಲೇಜುಗಳಲ್ಲಿ ಬೈಫೋಕಲ್ ವಿಷಯದ ಆಕರ್ಷಣೆಗೆ ಜೀವಶಾಸ್ತ್ರ ಬಿಡುವ ಮಕ್ಕಳಿದ್ದಾರೆ. ಜೀವಶಾಸ್ತ್ರವನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನಡೆಯುತ್ತದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿದೆಯಾದರೂ, ಅದು ತಪ್ಪಿದ ದಾರಿ ಸರಿಪಡಿಸಿಕೊಳ್ಳಲು ಇರುವ ಅನುಕೂಲವೇ ಹೊರತು ಯೋಜನೆಯಲ್ಲ.

2025ರ ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕಗಳು, ಮೂರು ಗಂಟೆ ಅವಧಿ. ಅರ್ಧದಷ್ಟು, ಅಂದರೆ 90 ಪ್ರಶ್ನೆಗಳು ಜೀವಶಾಸ್ತ್ರದವು. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. 2017ರಿಂದ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಲಭ್ಯವಿದೆ, ಆದರೆ ಅದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ನಾಗಪುರದ ಕೇಂದ್ರದಲ್ಲಿ ಬರೆಯುವವರು ಇಂಗ್ಲಿಷ್, ಹಿಂದಿ, ಉರ್ದು, ಮರಾಠಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಆರನೆಯ ತರಗತಿಯಿಂದಲೇ 'ಫೌಂಡೇಶನ್' ಕೋಚಿಂಗ್‌ಗೆ ಸೇರಿಸುವ ಪರಿಪಾಠವೂ ಬೆಳೆದಿದೆ. ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆ ವಯಸ್ಸಿನಲ್ಲಿ ಶಾಲೆಯ ವಿಜ್ಞಾನ, ಗಣಿತ ಗಟ್ಟಿಯಾದರೆ ಅದೇ ದೊಡ್ಡ ಸಿದ್ಧತೆ.

ಕಾಗದಪತ್ರಗಳ ಕಡೆ ಗಮನ

ಡೊಮಿಸಾಯಿಲ್ ಪ್ರಮಾಣಪತ್ರಕ್ಕೆ ಸೇತು ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದು. ನೀಟ್ ಫಲಿತಾಂಶದ ನಂತರ ಓಡಾಡುವ ಬದಲು ಹತ್ತನೆಯ ತರಗತಿಯ ರಜೆಯಲ್ಲೇ ಮಾಡಿಸಿಡುವುದು ಲೇಸು.

ಮೀಸಲಾತಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಕರ್ನಾಟಕದ ಜಾತಿ ಪ್ರಮಾಣಪತ್ರದ ಆಧಾರದ ಮೇಲೆ ಮಹಾರಾಷ್ಟ್ರದ ರಾಜ್ಯ ಮೀಸಲಾತಿ ದೊರೆಯುವುದಿಲ್ಲ. ವಲಸೆ ಬಂದವರ ಪರಿಶಿಷ್ಟ ಸ್ಥಾನ ಅವರೊಂದಿಗೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿಯೇ ಹೇಳಿದೆ. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಇತರ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13, ಈ ದಿನಾಂಕಗಳಂದು ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೇಳಲಾಗುತ್ತದೆ, ಜಾತಿ ಸಿಂಧುತ್ವ ಪ್ರಮಾಣಪತ್ರವೂ ಬೇಕು. ಅಜ್ಜನ ಕಾಲದಲ್ಲಿ ಬಂದವರು ಹಳೆಯ ಶಾಲಾ ದಾಖಲೆ, ಬಾಡಿಗೆ ಚೀಟಿಗಳನ್ನು ಹುಡುಕಿಡುವುದು ಒಳಿತು. ಆ ಬಳಿಕ ಬಂದವರು ತಮ್ಮ ಮಗು ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕೆಂಬುದನ್ನು ಮೊದಲೇ ಅರಿತು ಅಂಕದ ಗುರಿ ಇಟ್ಟುಕೊಳ್ಳಬೇಕು.

ಸಂಘಗಳು ಮಾಡಬಹುದಾದ ಕೆಲಸ

ಪ್ರತಿಭಾ ಪುರಸ್ಕಾರದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಶಾಲು, ಸ್ಮರಣಿಕೆ ನೀಡಿ ಗೌರವಿಸುವುದು ಕನ್ನಡ ಸಂಘಗಳ ಉತ್ತಮ ಸಂಪ್ರದಾಯ. ಆದರೆ ಆ ಸಮಾರಂಭದ ಹೊತ್ತಿಗೆ ಅನೇಕ ಮಕ್ಕಳ ಕಾಲೇಜು ನಿಶ್ಚಯವಾಗಿರುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳ ಪಾಲಕರನ್ನು ಒಂದು ಭಾನುವಾರ ಕರೆದು, ಎರಡೂ ರಾಜ್ಯಗಳ ಆ ವರ್ಷದ ಮಾಹಿತಿ ಪುಸ್ತಿಕೆಗಳನ್ನು ಮುಂದಿಟ್ಟುಕೊಂಡು, ಪ್ರತಿ ಮಗುವಿನ ಶಾಲಾ ವರ್ಷಗಳನ್ನು ಲೆಕ್ಕಹಾಕಿದರೆ ಅದಕ್ಕಿಂತ ದೊಡ್ಡ ಪುರಸ್ಕಾರ ಬೇರೆ ಬೇಕಿಲ್ಲ. ಇಲ್ಲಿನ ಕಾಲೇಜುಗಳಲ್ಲಿ ಓದುತ್ತಿರುವ ಕನ್ನಡದ ಮಕ್ಕಳೇ ಬಂದು ಮಾತನಾಡಿದರೆ ಇನ್ನೂ ಒಳ್ಳೆಯದು.

ಊರಿಗೆ ಕಳುಹಿಸದಿದ್ದರೆ ಕನ್ನಡ ಮರೆಯುತ್ತದೆಂಬ ಆತಂಕಕ್ಕೂ ಸಂಘದ ಕನ್ನಡ ತರಗತಿಯಲ್ಲಿ ಉತ್ತರವಿದೆ. ವಾರ್ಡಿನಲ್ಲಿ ರೋಗಿಯ ಭಾಷೆ ಮರಾಠಿ, ಹಿಂದಿ ಯಾವುದಾದರೂ ಇರಬಹುದು. ವಿದರ್ಭದ ರೋಗಿಯೊಂದಿಗೆ ಮರಾಠಿಯಲ್ಲಿ ಮಾತನಾಡಿ, ಮನೆಗೆ ಬಂದು ಅಜ್ಜಿಯೊಂದಿಗೆ ಕನ್ನಡದಲ್ಲಿ ಹರಟುವ ವೈದ್ಯರು ನಾಗಪುರದ ಕನ್ನಡಿಗರಿಗೆ ಹೆಮ್ಮೆಯೇ ಸರಿ. ಅದಕ್ಕಾಗಿ ಇಂದು ಬೇಕಾಗಿರುವುದು ಕಳುಹಿಸುವ ಮುನ್ನ ಒಮ್ಮೆ ನಿಯಮ ಓದುವ ತಾಳ್ಮೆ.