ಲಿಥುವೇನಿಯದ ಹೊಸ್ತಿಲಿನಲ್ಲಿ

ವಿಲ್ನಿಯಸ್ ನಗರದ ಮನೆಯೊಂದಕ್ಕೆ ತಾವು ಊಟಕ್ಕೆ ಆಹ್ವಾನಿತರಾಗಿ ಹೋಗಿರುವಿರೆಂದು ಭಾವಿಸೋಣ. ಬಾಗಿಲು ತೆರೆಯುತ್ತದೆ. ಹೊರಗೆ ನಿಂತಂತೆಯೇ ತಾವು ಹಸ್ತಲಾಘವಕ್ಕೆಂದು ಕೈ ಚಾಚುತ್ತೀರಿ. ಯಜಮಾನನು ಆ ಕೈಯನ್ನು ಹಿಡಿಯದೆ, ಮೊದಲು ಒಳಗೆ ಬರಬೇಕೆಂದು ಸನ್ನೆ ಮಾಡುತ್ತಾನೆ. ಇದು ಅನಾದರವಲ್ಲ. ಹೊಸ್ತಿಲಿನ ಮೇಲೆ ಕೈ ಕುಲುಕಿದರೆ ಸ್ನೇಹ ಕೆಡುವುದೆಂಬ ನಂಬಿಕೆ ಆ ನಾಡಿನಲ್ಲಿ ಇನ್ನೂ ಉಂಟು. ಹೊಸ್ತಿಲನ್ನು ತುಳಿಯಬಾರದೆಂದು ಕೇಳುತ್ತ ಬೆಳೆದ ನಮಗೆ ಇದು ತೀರ ವಿಚಿತ್ರವೆನಿಸಲಾರದು.

ಬಾಲ್ಟಿಕ್ ಸಮುದ್ರದ ಪೂರ್ವತೀರದಲ್ಲಿರುವ ಲಿಥುವೇನಿಯ ಚಿಕ್ಕ ದೇಶ. ಯೂರೋಪಿನ ರಾಜ್ಯಗಳಲ್ಲಿ ಎಲ್ಲಕ್ಕಿಂತ ಕಡೆಗೆ ಕ್ರೈಸ್ತಮತವನ್ನು ಅಂಗೀಕರಿಸಿದುದು ಇದೇ. ಅದು 1387ರ ಮಾತು. ಆದುದರಿಂದ ಹಳೆಯ ನಂಬಿಕೆಗಳು ಅಲ್ಲಿ ಬಹುಕಾಲ ಉಳಿದುವು. ಭಾಷೆಯೂ ಪ್ರಾಚೀನವಾದುದು. ಅವರು ಬೆಂಕಿಗೆ ‘ಉಗ್ನಿಸ್’ ಎನ್ನುತ್ತಾರೆ, ಹೊಗೆಗೆ ‘ದೂಮಸ್’, ದೇವರಿಗೆ ‘ದಿಯೆವಸ್’. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಅಗ್ನಿ, ಧೂಮ, ದೇವ ಶಬ್ದಗಳನ್ನು ಬಲ್ಲವರಿಗೆ ಇವುಗಳ ನೆಂಟಸ್ತಿಕೆಯನ್ನು ವಿವರಿಸಬೇಕಾಗಿಲ್ಲ.

ಅತಿಥಿಯು ಹೂವನ್ನು ಒಯ್ಯುವುದು ಅಲ್ಲಿ ವಾಡಿಕೆ. ಆದರೆ ಎಣಿಸಿ ಒಯ್ಯಬೇಕು! ಒಂದು, ಮೂರು, ಐದು ಆಗಬಹುದು. ಎರಡು, ನಾಲ್ಕು, ಆರು ಆಗದು. ಸಮಸಂಖ್ಯೆಯ ಹೂಗಳು ಸತ್ತವರಿಗೆ ಮೀಸಲು. ಒಂದು ಡಜನ್ ಗುಲಾಬಿಯನ್ನು ಔದಾರ್ಯದಿಂದ ಕೊಳ್ಳುವ ಪರದೇಶಿಯು ಇಲ್ಲಿ ಎಡವುತ್ತಾನೆ. ಸೇವಂತಿಗೆಯೂ ಸಮಾಧಿಯ ಹೂವೇ. ಮನೆಯೊಳಗೆ ಸಿಳ್ಳು ಹಾಕಬಾರದು, ಹಾಕಿದರೆ ಮರಿಪಿಶಾಚಿಗಳು ಬಂದು ಸೇರುತ್ತವೆ. ಈ ಪಿಶಾಚಿ, ಅವರ ಮಾತಿನಲ್ಲಿ ‘ವೆಲ್ನಿಯಸ್’, ಜನಪದ ಕತೆಗಳಲ್ಲಿ ಅನೇಕ ವೇಳೆ ರೈತನಿಂದಲೇ ಮೋಸಹೋಗುವ ಪೆದ್ದ. ಝ್ಮುಯಿದ್ಜಿನಾವಿಚಿಯಸ್ ಎಂಬ ಚಿತ್ರಕಾರ ಪಿಶಾಚಿಗಳ ಬೊಂಬೆಗಳನ್ನು ಜೀವಮಾನವೆಲ್ಲ ಕೂಡಿಹಾಕಿದನು. 1966ರಲ್ಲಿ ಅವನು ತೀರಿಕೊಂಡನು. ಅವನ ಸಂಗ್ರಹವೇ ಬೆಳೆದು ಇಂದು ಕೌನಸ್ ನಗರದಲ್ಲಿ ಒಂದು ವಸ್ತುಸಂಗ್ರಹಾಲಯವಾಗಿದೆ.

ಇಂತಹ ಆಚಾರಗಳಿಗೆಲ್ಲ ‘ವೈಜ್ಞಾನಿಕ ಕಾರಣ’ವನ್ನು ಹುಡುಕುವ ಚಪಲ ನಮ್ಮಲ್ಲಿ ಬಹಳ. ಭೌತವಿಜ್ಞಾನವನ್ನು ಪಾಠಹೇಳುವ ನನ್ನನ್ನೂ ಆಗಾಗ್ಗೆ ಹೀಗೆ ಕೇಳುವವರುಂಟು. ಹೂವಿನ ಸಮ-ಬೆಸಗಳಿಗೆ ಭೌತವಿಜ್ಞಾನದಲ್ಲಿ ಕಾರಣವಿಲ್ಲ, ಇರಬೇಕಾಗಿಯೂ ಇಲ್ಲ. ಅದು ಪ್ರಪಂಚದ ವಿಷಯವಾಗಿ ಹೇಳಿದ ಮಾತಲ್ಲ, ಮನುಷ್ಯರು ತಮ್ಮತಮ್ಮಲ್ಲಿ ಮಾಡಿಕೊಂಡ ಸಂಕೇತ. ಪರೀಕ್ಷೆಗೆ ಒಡ್ಡಬಹುದಾದ ನಂಬಿಕೆಗಳ ಜಾತಿಯೇ ಬೇರೆ. ಜರಿಗಿಡದ ಹೂವಿನ ಕತೆ ಈ ಜಾತಿಯದು.

ಜೂನ್ 23ರ ಇರುಳು ‘ರಾಸೊಸ್’ ಹಬ್ಬ. ‘ರಾಸ’ ಎಂದರೆ ಇಬ್ಬನಿ. ನಮ್ಮ ‘ರಸ’ ಶಬ್ದದ ದಾಯಾದಿ. ವಿಲ್ನಿಯಸ್ಸಿನಲ್ಲಿ ಆಗ ಹಗಲು 17 ಗಂಟೆಗಳನ್ನು ಮೀರುತ್ತದೆ. ಜನರು ಬೆಟ್ಟಗಳ ಮೇಲೆ ಬೆಂಕಿ ಉರಿಸುತ್ತಾರೆ, ಕನ್ಯೆಯರು ಹೂಮಾಲೆಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ನಡುರಾತ್ರಿಯಲ್ಲಿ ಕಾಡಿನ ಜರಿಗಿಡ ಒಂದು ಕ್ಷಣ ಮಾತ್ರ ಹೂಬಿಡುವುದೆಂದೂ, ಅದನ್ನು ಕಂಡವನಿಗೆ ಗುಪ್ತವಾದುದೆಲ್ಲ ತಿಳಿಯುವುದೆಂದೂ ಪ್ರತೀತಿ. ತರುಣ ತರುಣಿಯರು ಜೋಡಿಜೋಡಿಯಾಗಿ ಹುಡುಕಲು ಹೊರಡುತ್ತಾರೆ. ಅವರಿಗೆ ದೊರೆಯುವುದು ಏನೆಂಬುದನ್ನು ಸಸ್ಯವಿಜ್ಞಾನಿಯನ್ನು ಕೇಳಿ ಪ್ರಯೋಜನವಿಲ್ಲ.

ಜರಿಗಿಡ ಎಂದೂ ಹೂಬಿಡುವುದಿಲ್ಲ. ಎಲೆಯ ಕೆಳಮೈಯಲ್ಲಿ ಕಂದುಬಣ್ಣದ ಚುಕ್ಕೆಗಳು ಕಾಣುತ್ತವಷ್ಟೆ. ಅವುಗಳಲ್ಲಿರುವುದು ಬೀಜವಲ್ಲ, ಧೂಳಿನಷ್ಟು ಸಣ್ಣ ಬೀಜಕಣ. ಅದು ನೆಲಕ್ಕೆ ಬಿದ್ದು ಮೊಳೆತರೆ ನೇರವಾಗಿ ಇನ್ನೊಂದು ಜರಿಗಿಡವಾಗದು. ಹೃದಯದ ಆಕಾರದ, ಬೆರಳ ಉಗುರಿಗಿಂತಲೂ ಚಿಕ್ಕದಾದ ಒಂದು ಹಸಿರು ಹಾಳೆಯಾಗುತ್ತದೆ. ಗಂಡು ಹೆಣ್ಣು ಅಂಗಗಳೆರಡೂ ಇರುವುದು ಈ ಹಾಳೆಯ ಅಡಿಯಲ್ಲಿ. ಗಂಡುಕಣವು ಈಜಿಕೊಂಡು ಅಂಡವನ್ನು ಸೇರಬೇಕು. ಈಜಲು ನೀರಿನ ತೆಳುಪೊರೆಯೊಂದು ಬೇಕು. ಮಳೆಯಾದರೂ ಆದೀತು, ಇಬ್ಬನಿಯಾದರೂ ಆದೀತು. ಆಮೇಲೆ ಹುಟ್ಟುವುದೇ ನಾವು ಕಾಣುವ ಜರಿಗಿಡ. ಹೀಗೆ ಎರಡು ತಲೆಮಾರುಗಳು ಒಂದನ್ನೊಂದು ಅನುಸರಿಸಿ ಬರುವ ಕ್ರಮವನ್ನು ಜರ್ಮನಿಯ ಹೋಫ್‌ಮೈಸ್ಟರ್ 1851ರಲ್ಲಿ ಸ್ಪಷ್ಟಪಡಿಸಿದನು. ಕಾಡಿನಲ್ಲಿ ಹೂವನ್ನು ಅರಸಿ ನಡೆದವರು ಜರಿಗಿಡದ ನಿಜವಾದ ಮದುವೆಯನ್ನು ಕಾಲಡಿಯ ಒದ್ದೆಯಲ್ಲಿ ದಾಟಿಯೇ ಹೋಗಿದ್ದಾರು. ಈ ರಹಸ್ಯವು ಕತೆಯ ಹೂವಿಗಿಂತ ಸೊಗಸಾದುದೆಂದು ನನಗೆ ತೋರುತ್ತದೆ.

ವರ್ಷದ ಮತ್ತೊಂದು ತುದಿಯಲ್ಲಿ, ಹಗಲು 7 ಗಂಟೆಗಳಿಗಿಂತ ತುಸುವೇ ಹೆಚ್ಚಾಗಿರುವ ಡಿಸೆಂಬರ್ 24ರ ಸಂಜೆ, ‘ಕೂಚಿಯೊಸ್’ ಊಟ. ಪರದೇಶಿಯು ಅತ್ಯಂತ ಎಚ್ಚರದಿಂದ ಇರಬೇಕಾದುದು ಅಂದು. ಮೇಜಿನ ಮೇಲೆ ಹುಲ್ಲು ಹರಡಿ, ಅದರ ಮೇಲೆ ಬಿಳಿಯ ಬಟ್ಟೆ ಹಾಸುತ್ತಾರೆ. ಮಾಂಸವಿಲ್ಲದ ಹನ್ನೆರಡು ಬಗೆ: ಮೀನು, ಅಣಬೆ, ಬೀಟ್‌ರೂಟ್, ಗಸಗಸೆಯ ಹಾಲಿನಲ್ಲಿ ನೆನೆಸಿದ ಪುಟ್ಟ ರೊಟ್ಟಿಗಳು. ಎಲ್ಲವನ್ನೂ ರುಚಿನೋಡಬೇಕು, ಒಂದನ್ನು ಬಿಟ್ಟವನು ಮುಂದಿನ ಕೂಚಿಯೊಸ್ ಕಾಣನೆಂಬ ಮಾತುಂಟು. ಬಟ್ಟೆಯಡಿಯಿಂದ ಒಬ್ಬೊಬ್ಬರೂ ಒಂದು ಹುಲ್ಲುಕಡ್ಡಿ ಎಳೆಯುತ್ತಾರೆ. ಉದ್ದನೆಯದು ಬಂದರೆ ದೀರ್ಘಾಯುಸ್ಸು. ಇದು ಕೇವಲ ಆಕಸ್ಮಿಕವೆಂದು ಎಳೆಯುವವರೂ ಬಲ್ಲರು.

ಯಾರೂ ಕೂಡದ ಒಂದು ಸ್ಥಳದಲ್ಲಿ ತಟ್ಟೆ ಇಟ್ಟು ಮೋಂಬತ್ತಿ ಹಚ್ಚಿರುವುದನ್ನು ಕಂಡರೆ, ತಡವಾಗಿ ಬರುವ ಅತಿಥಿಗಾಗಿ ಇರಬೇಕೆಂದು ಊಹಿಸಿ ಅಲ್ಲಿ ಕುಳಿತೀರಿ, ಜೋಕೆ! ಅದು ಆ ವರ್ಷ ಮನೆಯಲ್ಲಿ ತೀರಿಕೊಂಡವರ ಸ್ಥಳ. ಊಟವಾದ ಮೇಲೂ ಮೇಜನ್ನು ತೆರವು ಮಾಡುವುದಿಲ್ಲ. ಸತ್ತವರ ಆತ್ಮಗಳು ರಾತ್ರಿ ಬಂದು ಉಣ್ಣುವುವೆಂದು ಹಾಗೆಯೇ ಬಿಡುತ್ತಾರೆ.

1940ರಲ್ಲಿ ಲಿಥುವೇನಿಯವನ್ನು ಸೋವಿಯತ್ ಒಕ್ಕೂಟ ತನ್ನೊಳಗೆ ಸೇರಿಸಿಕೊಂಡಿತು. ಮಹಾಯುದ್ಧದ ತರುವಾಯ ಸರಕಾರವು ವಿಜ್ಞಾನದ ಹೆಸರಿನಲ್ಲಿಯೇ ನಾಸ್ತಿಕವಾದವನ್ನು ಬೋಧಿಸಿತು. ಕ್ರಿಸ್‌ಮಸ್ ಕೆಲಸದ ದಿನವಾಯಿತು. ವಿಜ್ಞಾನವನ್ನು ಇಂತಹ ಪೊರಕೆಯಾಗಿ ಬಳಸಿದುದು ವಿಜ್ಞಾನಕ್ಕೂ ಗೌರವವಲ್ಲ. ಸತ್ತ ತಾಯಿಯ ತಟ್ಟೆಯ ಮುಂದೆ ಉರಿಯುವ ಮೋಂಬತ್ತಿಯನ್ನು ಯಾವ ಪ್ರಯೋಗ ಸುಳ್ಳುಮಾಡೀತು? ಪರದೆಗಳನ್ನು ಎಳೆದುಕೊಂಡು ಎಷ್ಟೋ ಮನೆಗಳಲ್ಲಿ ಕೂಚಿಯೊಸ್ ನಡೆದೇ ಇತ್ತು. 1990ರ ಮಾರ್ಚ್ 11ರಂದು ದೇಶವು ಸ್ವಾತಂತ್ರ್ಯವನ್ನು ಮತ್ತೆ ಘೋಷಿಸಿತು. ಈಗ ಆ ಸಂಜೆ ಪರದೆಗಳನ್ನು ಎಳೆಯಬೇಕಾಗಿಲ್ಲ.