ಕೊಲೆಗೆ ಚಳಿಗಾಲವೇ ಬೇಕಿತ್ತು

ಹಂದಿಯ ರಕ್ತ ತುಂಬಿದ ಗುಡಾಣ, ಅದರೊಳಗೆ ತಲೆಕೆಳಗಾಗಿ ನೆಟ್ಟ ಸನ್ಯಾಸಿಯ ಹೆಣ. ಇಟಲಿಯ ಲೇಖಕ ಉಂಬರ್ತೊ ಎಕೊಗೆ ತನ್ನ ಮೊದಲ ಕಾದಂಬರಿಯಲ್ಲಿ ಈ ದೃಶ್ಯ ಬೇಕೇ ಬೇಕಿತ್ತು. ಅಷ್ಟು ರಕ್ತ ಸಿಗಬೇಕಾದರೆ ಮಠದಲ್ಲಿ ಹಂದಿ ಕಡಿಯಬೇಕು, ಕಡಿಯುವುದೋ ಚಳಿ ಹಿಡಿದ ಮೇಲೆ. ಇತ್ತ ಕಥೆಯಲ್ಲಿ ಬರುವ ಚೆಸೆನಾದ ಮೈಕೆಲ್ ಇತಿಹಾಸದ ನಿಜ ವ್ಯಕ್ತಿ. 1327ರ ಡಿಸೆಂಬರ್ ಹೊತ್ತಿಗೆ ಆತ ಪೋಪ್ ಇದ್ದ ಅವಿನ್ಯೋನ್ ಸೇರಿಬಿಟ್ಟಿದ್ದ. ಅಂದಮೇಲೆ ಕಥೆ ನವೆಂಬರ್‌ನಲ್ಲೇ ಮುಗಿಯಬೇಕು. ನವೆಂಬರ್‌ನಲ್ಲೇ ಹಿಮ ಬೀಳುವುದೆಲ್ಲಿ? ಬೆಟ್ಟದ ಮೇಲೆ. ಬಯಲಿನಲ್ಲಿ ಇರಬಹುದಾಗಿದ್ದ ಮಠ ಹೀಗೆ ಬೆಟ್ಟ ಹತ್ತಿತು!

ಇತಿಹಾಸದ ವಿವರವೆಂದರೆ ಕಥೆಗೆ ಕೊನೆಯಲ್ಲಿ ಹಾಕುವ ಒಗ್ಗರಣೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಆ ಕಾದಂಬರಿ, ‘ದಿ ನೇಮ್ ಆಫ್ ದಿ ರೋಸ್’, ಶುರುವಾದದ್ದು 1978ರಲ್ಲಿ, ಒಬ್ಬ ಸನ್ಯಾಸಿಗೆ ವಿಷ ಹಾಕಬೇಕೆಂಬ ಆಸೆಯಿಂದ. ಹಾಗೆಂದು ಎಕೊನೇ ಹೇಳಿಕೊಂಡಿದ್ದಾನೆ. ಆಗ ಅವನಿಗೆ 46 ವರ್ಷ, ಬೊಲೋನ್ಯಾದಲ್ಲಿ ಪ್ರಾಧ್ಯಾಪಕ. ಮಧ್ಯಯುಗ ಅವನಿಗೆ ಹೊಸದಲ್ಲ, ಪದವಿಗೆ ಬರೆದ ಪ್ರಬಂಧವೇ ಥಾಮಸ್ ಅಕ್ವಿನಾಸ್ ಕುರಿತದ್ದು. ಆದರೂ ಮೊದಲ ವರ್ಷವೆಲ್ಲ ಸಿದ್ಧತೆಗೇ ಹೋಯಿತು. ಮಠದ ಗ್ರಂಥಾಲಯದಲ್ಲಿ ಯಾವ್ಯಾವ ಪುಸ್ತಕ ಇದ್ದಿರಬಹುದೆಂದು ಪಟ್ಟಿ ಮಾಡಿದ, ನಕ್ಷೆ ಬರೆದ, ಸುರುಳಿ ಮೆಟ್ಟಿಲುಗಳನ್ನೂ ಲೆಕ್ಕ ಹಾಕಿದ. ಕಥೆಯಲ್ಲಿ ಕಾಣಿಸಿಕೊಳ್ಳದ ಸನ್ಯಾಸಿಗಳಿಗೂ ಹೆಸರಿಟ್ಟ.

ಆ ನಕ್ಷೆ ಸಂಭಾಷಣೆಯನ್ನೂ ಅಳೆದುಕೊಟ್ಟಿತು. ಊಟದ ಮನೆಯಿಂದ ಅಂಗಳದ ಪಡಸಾಲೆಗೆ ಇಬ್ಬರು ಮಾತಾಡುತ್ತ ನಡೆದರೆ, ದಾರಿ ಮುಗಿದಲ್ಲಿ ಮಾತೂ ಮುಗಿಯುತ್ತಿತ್ತು. ಸಿನಿಮಾ ನಿರ್ದೇಶಕ ಮಾರ್ಕೊ ಫೆರೇರಿ ಇದನ್ನು ಮೆಚ್ಚಿ, ನಿನ್ನ ಸಂಭಾಷಣೆ ಸಿನಿಮಾದ ಹಾಗಿದೆ ಎಂದನಂತೆ.

1980ರಲ್ಲಿ ಪುಸ್ತಕ ಹೊರಬಂತು. ಇಷ್ಟೆಲ್ಲ ಎಚ್ಚರ ವಹಿಸಿದವನೂ ಎಡವಿದ್ದು ತರಕಾರಿಯಲ್ಲಿ. ಹಳೆಯ ಗಿಡಮೂಲಿಕೆ ಗ್ರಂಥದಲ್ಲಿದ್ದ ಒಂದು ಸೊಪ್ಪಿನ ಹೆಸರನ್ನು ಕುಂಬಳಕಾಯಿ ಎಂದು ಓದಿಕೊಂಡಿದ್ದ. ಆ ಸಿಹಿಗುಂಬಳ ಅಮೆರಿಕದ್ದು, ಹದಿನಾಲ್ಕನೇ ಶತಮಾನದ ಇಟಲಿ ಅದನ್ನು ಕಂಡೇ ಇರಲಿಲ್ಲ. ತಿದ್ದಿದ ಆವೃತ್ತಿ ಬರಲು ಮೂವತ್ತು ವರ್ಷ ಹಿಡಿಯಿತು.

ಹೊಯ್ಸಳರ ಕಾಲದ ಕಾದಂಬರಿಗೆ ಕೈಹಾಕಿರುವ ನಮ್ಮ ಗೆಳೆಯರಲ್ಲೂ ಒಂದು ಕೋರಿಕೆ: ಬಿಟ್ಟಿದೇವನ ಅಡುಗೆಮನೆಯ ಸಾರಿಗೆ ದಯವಿಟ್ಟು ಒಣಮೆಣಸಿನಕಾಯಿ ಹಾಕಬೇಡಿ. ಅದು ಇಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಖಾರಕ್ಕೆ ಕರಿಮೆಣಸು ಸಾಕು.