ಗಿಡದ ಕಿಣ್ವವೂ ಲಿಂಡೇನ್ ವಿಷವೂ



ಅರಾಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಬಿದ್ದಾಗ ಕಾಂಡಕ್ಕೆ ಲಿಂಡೇನ್ ಬಳಿಯುತ್ತಿದ್ದುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ನಮ್ಮ ದೇಶದಲ್ಲಿ ಅದರ ಬಳಕೆಯನ್ನು 2013ರಿಂದ ನಿಷೇಧಿಸಲಾಗಿದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ನಿರ್ಣಯಿಸಿತು. ಹಾಗಾದರೆ ಮಣ್ಣಿಗೆ ಬಿದ್ದ ವಿಷ ಏನಾಗುತ್ತದೆ ಎಂದು ನೀವು ಕೇಳುವುದು ನ್ಯಾಯವೇ.

ಅನ್ನವನ್ನು ಹೆಚ್ಚು ಹೊತ್ತು ಜಗಿದರೆ ಸಿಹಿಯಾಗುತ್ತದೆಯಷ್ಟೆ. ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಅದಕ್ಕೆ ಕಾರಣ. ಗಿಡಗಳಲ್ಲಿಯೂ ಹಲವು ಬಗೆಯ ಕಿಣ್ವಗಳುಂಟು. ಬೇರಿನ ಮೂಲಕ ವಿಷ ಒಳಬಂದರೆ ಒಂದು ಕಿಣ್ವ ಅದಕ್ಕೆ ಆಮ್ಲಜನಕವನ್ನು ಸೇರಿಸುತ್ತದೆ. ಇನ್ನೊಂದು ಅದಕ್ಕೆ ಸಕ್ಕರೆಯನ್ನೋ ಗ್ಲುಟಾಥಯೋನ್ ಎಂಬ ಪದಾರ್ಥವನ್ನೋ ಅಂಟಿಸುತ್ತದೆ. ಆಗ ಅದು ಹಲ್ಲು ಕಿತ್ತ ಹಾವಿನಂತಾಗುತ್ತದೆ. ಗಿಡಕ್ಕೆ ನಮ್ಮಂತೆ ಮಲಮೂತ್ರವಿಲ್ಲ. ಉಳಿದದ್ದನ್ನು ಜೀವಕೋಶದೊಳಗಿನ ಚೀಲದಲ್ಲಿ ಕಟ್ಟಿಡುತ್ತದೆ. ಆದುದರಿಂದ ಗಿಡ ಹೀರಿದ್ದೆಲ್ಲ ಮಾಯವಾಯಿತೆಂದು ತಿಳಿಯಬಾರದು.

2007ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಮೊಲದ ಕಿಣ್ವವೊಂದರ ವಂಶವಾಹಿಯನ್ನು ಪಾಪ್ಲರ್ ಗಿಡಕ್ಕೆ ಸೇರಿಸಿ ನೋಡಿದರು. ಟ್ರೈಕ್ಲೋರೋಎಥಿಲೀನ್ ಎಂಬ ಕ್ಯಾನ್ಸರ್‌ಕಾರಕ ಬೆರೆತ ದ್ರಾವಣದಿಂದ ಸಾಧಾರಣ ಗಿಡ ನೂರಕ್ಕೆ 3 ಪಾಲು ವಿಷವನ್ನು ತೆಗೆದರೆ, ಈ ಗಿಡ 91 ಪಾಲಿನವರೆಗೆ ತೆಗೆಯಿತು. ಅದು ಪ್ರಯೋಗಶಾಲೆಯ ಮಾತು, ತೋಟದ ಮಾತಲ್ಲ.

ಲಿಂಡೇನಿನ ವಿಷಯದಲ್ಲಿ ಗಿಡಕ್ಕಿಂತ ಹೆಚ್ಚು ದುಡಿಯುವವು ಮಣ್ಣಿನ ಸೂಕ್ಷ್ಮಜೀವಿಗಳು. ಬೇರು ಒಸರುವ ರಸವನ್ನುಂಡು ಅವು ಅಲ್ಲಿಯೇ ಬೆಳೆಯುತ್ತವೆ. ಅವುಗಳ ಕಿಣ್ವಗಳು ಲಿಂಡೇನಿನಿಂದ ಕ್ಲೋರಿನನ್ನು ಒಂದೊಂದಾಗಿ ಕಳಚುತ್ತವೆ. ನಮ್ಮ ದೇಶದಲ್ಲಿಯೇ ಕಬ್ಬಿನ ಬೇರಿನ ಮಣ್ಣಿನಲ್ಲಿ ಇಂಥ ಜೀವಿ ದೊರೆತಿದೆ. ನೀರು ನಿಂತ ಗದ್ದೆಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಲಿಂಡೇನನ್ನು ಒಡೆಯುವುದನ್ನು ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 1966ರಲ್ಲಿಯೇ ತೋರಿಸಿದರು. ಕಾಫಿ ತೋಟದ ಒಣನೆಲದಲ್ಲಿ ಈ ಕೆಲಸ ನಿಧಾನ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಹೀಗೆಯೇ ಒಡೆದೀತೇ? ಇಲ್ಲ. ತಾಮ್ರ ಮೂಲಧಾತು, ಯಾವ ಕಿಣ್ವವೂ ಅದನ್ನು ಒಡೆಯಲಾರದು.

ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಹಳೆಯ ಲಿಂಡೇನ್ ಡಬ್ಬಿ ಉಳಿದಿದ್ದರೆ ತೆರೆಯಬೇಡಿ, ಸುಡಬೇಡಿ, ಹೂಳಬೇಡಿ, ಹಳ್ಳಕ್ಕಂತೂ ಚೆಲ್ಲಲೇಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಡಬ್ಬಿ ಸೋರಿದ ಜಾಗದಲ್ಲಿ ಗೆಣಸು, ಕೆಸುವಿನಂಥ ಗಡ್ಡೆಗಳನ್ನು ಬೆಳೆಯಬಾರದು. ಅಲ್ಲಿಯ ಹುಲ್ಲನ್ನೂ ದನಗಳಿಗೆ ಹಾಕಬಾರದು. ಲಿಂಡೇನ್ ಕೊಬ್ಬಿನಲ್ಲಿ ಸೇರಿ ಹಾಲಿಗೂ ಇಳಿಯುತ್ತದೆ.